ಹೊಸ ಸಾಂಕ್ರಾಮಿಕ ರೋಗಕ್ಕೆ ಒಂದು ದೇಶ ತಯಾರಿದೆ ಎಂದು ಯಾವುದನ್ನು ನೋಡಿ ಹೇಳಬೇಕು?

ಹೊಂಬೆಳಕು

ಕೋವಿಡ್ ಬಂದು ಹೋದ ಮೇಲೆ ಎಲ್ಲ ದೇಶಗಳೂ ತಮ್ಮ ತಯಾರಿಯ ಪಟ್ಟಿ ತೋರಿಸುತ್ತಿವೆ. ಇಷ್ಟು ವೆಂಟಿಲೇಟರ್, ಇಷ್ಟು ಆಕ್ಸಿಜನ್ ಘಟಕ, ಇಷ್ಟು ಐಸಿಯು ಹಾಸಿಗೆ. ಇವೆಲ್ಲ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವು ರೋಗ ಹರಡಿದ ಮೇಲೆ ಕೆಲಸಕ್ಕೆ ಬರುವ ವಸ್ತುಗಳು. ಅದಕ್ಕೂ ಮೊದಲು, ಹೆಸರೇ ಗೊತ್ತಿಲ್ಲದ ಜ್ವರ ಹೊತ್ತ ಮೊದಲ ರೋಗಿ ಒಂದು ಸಣ್ಣ ಆಸ್ಪತ್ರೆಗೆ ಬಂದ ದಿನ ಅಲ್ಲಿ ಏನಾಗುತ್ತದೆ? ನನ್ನ ಪ್ರಕಾರ ದೇಶದ ತಯಾರಿಯನ್ನು ಅಳೆಯಬೇಕಾದ್ದು ಅಲ್ಲಿ. "ಇದು ಯಾಕೋ ಮಾಮೂಲಿ ಜ್ವರದ ಹಾಗಿಲ್ಲ" ಎಂದು ಒಬ್ಬ ಡಾಕ್ಟರಿಗೋ ನರ್ಸಿಗೋ ಅನ್ನಿಸಿದರೆ, ಆ ಅನುಮಾನವನ್ನು ಕೇಳುವವರು ಇದ್ದಾರಾ? ಕೇಳಿದ ಮೇಲೆ ಎಷ್ಟು ಬೇಗ ಏನು ಮಾಡುತ್ತಾರೆ?

ನೈಜೀರಿಯಾದ ಕಥೆ ನೋಡಿ. 2014ರ ಜುಲೈ 20ರಂದು ಲೈಬೀರಿಯಾದಿಂದ ಬಂದ ಒಬ್ಬ ಪ್ರಯಾಣಿಕ ಲಾಗೋಸ್ ವಿಮಾನ ನಿಲ್ದಾಣದಲ್ಲಿ ಕುಸಿದು ಬಿದ್ದ. ಆಗ ಅಲ್ಲಿ ಸರ್ಕಾರಿ ವೈದ್ಯರು ಮುಷ್ಕರ ಹೂಡಿದ್ದರು. ಹಾಗಾಗಿ ಅವನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮೊದಲು ಮಲೇರಿಯಾ ಅಂದುಕೊಂಡರು. ಡಾ. ಅಮೆಯೊ ಅಡಾಡೆವೊ ಎಂಬ ಹಿರಿಯ ವೈದ್ಯೆಗೆ ಎಬೋಲಾ ಇರಬಹುದು ಅನ್ನಿಸಿತು. ಅವರು ಅದುವರೆಗೆ ಒಬ್ಬ ಎಬೋಲಾ ರೋಗಿಯನ್ನೂ ನೋಡಿರಲಿಲ್ಲ. ಅವನನ್ನು ಬಿಟ್ಟು ಕಳಿಸಿ ಎಂದು ಲೈಬೀರಿಯಾದ ಅಧಿಕಾರಿಗಳಿಂದ ಒತ್ತಡ ಬಂತು. ಆಕೆ ಬಿಡಲಿಲ್ಲ. ಪರೀಕ್ಷೆಯಲ್ಲಿ ಎಬೋಲಾ ಎಂದು ಗೊತ್ತಾಯಿತು. ಒಂದು ಕೋಟಿಗೂ ಜಾಸ್ತಿ ಜನರಿರುವ ನಗರ ಅದು. ಅಲ್ಲಿ ಅವನು ಹೊರಗೆ ಹೋಗಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಕೊನೆಗೆ ಇಡೀ ದೇಶದಲ್ಲಿ ರೋಗ ಬಂದದ್ದು 20 ಜನರಿಗೆ. ತೀರಿಕೊಂಡವರು 8 ಮಂದಿ. ಆ ಎಂಟರಲ್ಲಿ ಡಾ. ಅಡಾಡೆವೊ ಕೂಡ ಒಬ್ಬರು. ಅಕ್ಟೋಬರ್ 20ಕ್ಕೆ ನೈಜೀರಿಯಾ ಎಬೋಲಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅದೇ ಹೊತ್ತಿನಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಮೂರೂ ತತ್ತರಿಸುತ್ತಿದ್ದವು. ಅಲ್ಲಿ ಸತ್ತವರು 11,000ಕ್ಕೂ ಹೆಚ್ಚು. ಗಿನಿಯಲ್ಲಿ 2013ರ ಡಿಸೆಂಬರಿನಲ್ಲಿ ಶುರುವಾದ ರೋಗ ಎಬೋಲಾ ಎಂದು ಗೊತ್ತಾಗುವ ಹೊತ್ತಿಗೆ 2014ರ ಮಾರ್ಚ್ ಬಂದಿತ್ತು. ಆ ಮೂರು ತಿಂಗಳೇ ಎಲ್ಲವನ್ನೂ ಬದಲಿಸಿದವು.

ಅನುಮಾನ ಬಂದಲ್ಲಿಂದ ಕ್ರಮ ತೆಗೆದುಕೊಳ್ಳುವವರೆಗಿನ ಕೊಂಡಿ ಕಳಚುವುದು ಎಲ್ಲಿ ಎಂದು ನಿಮ್ಮ ನಿಮ್ಮ ಕೆಲಸದ ಅನುಭವದಿಂದ ಹೇಳಿ. ಆಸ್ಪತ್ರೆ, ಲ್ಯಾಬ್, ಆಡಳಿತ, ಯಾವ ಕಡೆಯವರಾದರೂ ಸರಿ.

ಲೆಕ್ಕಾಚಾರ

ಹೊಂಬೆಳಕು ಅವರೇ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಒಬ್ಬ ಧೈರ್ಯವಂತ ವೈದ್ಯೆ ಸಿಕ್ಕಿದ್ದು ಆ ದೇಶದ ಅದೃಷ್ಟ. ಅದೃಷ್ಟವನ್ನು ತಯಾರಿ ಅಂತ ಕರೆಯೋಕಾಗಲ್ಲ. ಸರ್ಕಾರಕ್ಕೆ ಎಣಿಸಲು ಏನಾದರೂ ಬೇಕು. ಹಾಸಿಗೆಯನ್ನು ಎಣಿಸಬಹುದು. ಅನುಮಾನವನ್ನು ಹೇಗೆ ಎಣಿಸುತ್ತೀರಿ?

ಹಾಗಂತ ಅಂಕಪಟ್ಟಿಯನ್ನು ನಂಬಿ ಎನ್ನುತ್ತಿಲ್ಲ. ಯಾವ ದೇಶ ಎಷ್ಟು ತಯಾರಿದೆ ಎಂದು ಅಂಕ ಕೊಡುವ ಜಾಗತಿಕ ಆರೋಗ್ಯ ಭದ್ರತಾ ಸೂಚ್ಯಂಕ 2019ರ ಅಕ್ಟೋಬರಿನಲ್ಲಿ ಬಂತು. ಮೊದಲ ಸ್ಥಾನ ಅಮೆರಿಕಕ್ಕೆ, ಎರಡನೆಯದು ಬ್ರಿಟನ್‌ಗೆ. ಕೆಲವೇ ತಿಂಗಳಲ್ಲಿ ಆ ಎರಡೂ ದೇಶಗಳಲ್ಲಿ ಏನಾಯಿತು ಎಂದು ನಾವೆಲ್ಲ ನೋಡಿದ್ದೇವೆ. ಲ್ಯಾಬ್ ಇತ್ತು, ತಜ್ಞರಿದ್ದರು, ದುಡ್ಡಿತ್ತು. ಅವನ್ನೆಲ್ಲ ಸರಿಯಾದ ವಾರದಲ್ಲಿ ಬಳಸುವ ತೀರ್ಮಾನ ಬರಲಿಲ್ಲ. ಆ ತೀರ್ಮಾನಕ್ಕೆ ಅಂಕ ಕೊಡುವ ಕಾಲಂ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹೊಂಬೆಳಕು

@ಲೆಕ್ಕಾಚಾರ, ಎಣಿಸಬಹುದು ಸರ್. 7-1-7 ಎಂಬ ಗುರಿ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಮಾಜಿ ಮುಖ್ಯಸ್ಥ ಟಾಮ್ ಫ್ರೀಡನ್ ಮತ್ತು ಜೊತೆಗಾರರು 2021ರಲ್ಲಿ ಮುಂದಿಟ್ಟದ್ದು. ರೋಗ ಕಾಣಿಸಿಕೊಂಡ 7 ದಿನದೊಳಗೆ ಪತ್ತೆಯಾಗಬೇಕು. ಪತ್ತೆಯಾದ 1 ದಿನದೊಳಗೆ ಆರೋಗ್ಯ ಇಲಾಖೆಗೆ ತಿಳಿಯಬೇಕು. ಅಲ್ಲಿಂದ 7 ದಿನದೊಳಗೆ ತಡೆಯುವ ಮೊದಲ ಹಂತದ ಕೆಲಸಗಳು ನಡೆದಿರಬೇಕು.

ಇದನ್ನು ಅಳೆಯಲು ಮಹಾಮಾರಿ ಬರುವವರೆಗೆ ಕಾಯಬೇಕಿಲ್ಲ. ಒಂದು ಊರಿನಲ್ಲಿ ದಡಾರ ಬಂದರೂ, ಕಾಲರಾ ಬಂದರೂ ಇದೇ ನಾಲ್ಕು ತಾರೀಖು ಬರೆದಿಡಬಹುದು. ಮೊದಲ ರೋಗಿಗೆ ಲಕ್ಷಣ ಯಾವತ್ತು ಶುರುವಾಯಿತು, ರೋಗ ಯಾವತ್ತು ಪತ್ತೆಯಾಯಿತು, ಇಲಾಖೆಗೆ ಯಾವತ್ತು ಗೊತ್ತಾಯಿತು, ತಡೆಯುವ ಮೊದಲ ಕೆಲಸಗಳು ಯಾವತ್ತು ಮುಗಿದವು. ಹೀಗೆ ವರ್ಷವಿಡೀ ಬರೆದಿಟ್ಟರೆ ಎಲ್ಲಿ ತಡವಾಗುತ್ತಿದೆ ಎಂದು ತಾನಾಗಿಯೇ ಕಾಣುತ್ತದೆ. ಒಂದು ಕಡೆ ಸ್ಯಾಂಪಲ್ ಸಾಗಿಸುವ ಗಾಡಿ ಇಲ್ಲ. ಇನ್ನೊಂದು ಕಡೆ ವರದಿ ಸಿದ್ಧವಾಗಿ ಮೇಲಿನವರ ಸಹಿಗೆ ಕಾಯುತ್ತಿದೆ. ಎರಡಕ್ಕೂ ಪರಿಹಾರ ಬೇರೆ ಬೇರೆ, ಅಲ್ವಾ?

ಇನ್ನು ಅದೃಷ್ಟದ ಮಾತು. ಡಾ. ಅಡಾಡೆವೊ ಸಿಕ್ಕಿದ್ದು ಅದೃಷ್ಟ ಇರಬಹುದು. ಅವರು ಹೇಳಿದ ಮೇಲೆ ನಡೆದದ್ದು ಅದೃಷ್ಟ ಅಲ್ಲ. ಪೋಲಿಯೋ ಓಡಿಸಲು ನೈಜೀರಿಯಾ ಆಗಲೇ ಒಂದು ತುರ್ತು ಕಾರ್ಯಾಚರಣೆ ಕೇಂದ್ರ ಕಟ್ಟಿತ್ತು. ಮನೆ ಮನೆಗೆ ಹೋಗಿ ಅಭ್ಯಾಸವಿದ್ದ ಕಾರ್ಯಕರ್ತರಿದ್ದರು. ಆ ತಂಡವನ್ನೇ ಎಬೋಲಾ ಕಡೆಗೆ ತಿರುಗಿಸಿದರು. ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಜನರನ್ನು ಹುಡುಕಿದರು. ಅವರನ್ನು ನೋಡಲು ಸುಮಾರು 18,500 ಸಲ ಮನೆಗಳಿಗೆ ಹೋದರು. ಹೊಸದಾಗಿ ಜನರನ್ನು ನೇಮಿಸಿ, ತರಬೇತಿ ಕೊಟ್ಟು ಮಾಡುವಷ್ಟು ಸಮಯ ಅವರ ಕೈಯಲ್ಲಿ ಇರಲಿಲ್ಲ.

ವಾರ್ಡ್‌ನಿಂದ

ನಾನು ಬಹಳ ವರ್ಷದಿಂದ ನರ್ಸ್. ಹೊಂಬೆಳಕು ಕೇಳಿದ "ಕೇಳುವವರು ಇದ್ದಾರಾ" ಎಂಬ ಪ್ರಶ್ನೆ ನೇರ ನನಗೇ ಕೇಳಿದ ಹಾಗಿದೆ.

ರೋಗಿಯ ಹತ್ತಿರ ಜಾಸ್ತಿ ಹೊತ್ತು ಇರುವವರು ನಾವು. ಒಂದೇ ಮನೆಯಿಂದ ಎರಡನೆಯವರು ಬಂದರೆ ನಮಗೆ ಮೊದಲು ಗೊತ್ತಾಗುತ್ತದೆ. ಯಾಕೆಂದರೆ ಮೊದಲ ರೋಗಿಯ ಪಕ್ಕ ಕೂತಿದ್ದವರು ಇವರೇ ಎಂದು ನಮಗೆ ಮುಖ ನೆನಪಿರುತ್ತದೆ. ಹಿಂದೆ ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಹೀಗೆ ಆಯಿತು. ರೋಗಿಯ ಜೊತೆ ಬಂದವರಿಗೂ ಅದೇ ಜ್ವರ ಬಂದಿದೆ ಎಂದು ರಾತ್ರಿ ಪಾಳಿಯಲ್ಲಿ ಹೇಳಿದೆ. "ನಿಮ್ಮ ಕೆಲಸ ನೋಡಿಕೊಳ್ಳಿ ಸಿಸ್ಟರ್" ಎಂಬ ಉತ್ತರ ಬಂತು. ಆ ಸಲ ಅದು ದೊಡ್ಡ ರೋಗವಾಗಿರಲಿಲ್ಲ. ಆದರೆ ಆ ಮಾತು ಕೇಳಿದ ಹೊಸ ಹುಡುಗಿಯರು ಮುಂದೆ ಬಾಯಿ ಬಿಡುತ್ತಾರಾ?

ಕೋಯಿಕ್ಕೋಡ್‌ನಲ್ಲಿ 2018ರಲ್ಲಿ ನಿಪಾ ಗೊತ್ತಾದದ್ದು ಹೇಗೆ ನೋಡಿ. ಮೊದಲ ರೋಗಿ ಏನು ಕಾಯಿಲೆ ಎಂದೇ ಗೊತ್ತಾಗದೆ ತೀರಿಕೊಂಡಿದ್ದರು. ಸ್ವಲ್ಪ ದಿನಕ್ಕೆ ಅವರ ಅಣ್ಣ ಅದೇ ಲಕ್ಷಣದೊಂದಿಗೆ ಬೇರೊಂದು ಆಸ್ಪತ್ರೆಗೆ ಬಂದರು. ಅಲ್ಲಿಯ ವೈದ್ಯರು "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?" ಎಂಬ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಸ್ಯಾಂಪಲ್ ಮಣಿಪಾಲದ ವೈರಸ್ ಕೇಂದ್ರಕ್ಕೆ ಹೋಯಿತು. ಮೇ 20ಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಖಚಿತಪಡಿಸಿತು. ಎರಡನೇ ರೋಗಿಯಲ್ಲೇ ಹಿಡಿದದ್ದು ದೊಡ್ಡ ಸಾಧನೆ. ಆದರೆ ಅಷ್ಟರಲ್ಲೇ ಮೊದಲ ರೋಗಿಯಿಂದ ಆಸ್ಪತ್ರೆಗಳಲ್ಲಿ ಸೋಂಕು ದಾಟಿಯಾಗಿತ್ತು. ಪೇರಾಂಬ್ರದ ನರ್ಸ್ ಲಿನಿ ಹೋದದ್ದು ಹಾಗೆ. ಆಕೆಗೆ ತಾನು ಆರೈಕೆ ಮಾಡುತ್ತಿರುವುದು ಯಾವ ರೋಗಕ್ಕೆ ಎಂದು ಗೊತ್ತಿರಲಿಲ್ಲ. ಅವರ ಬಗ್ಗೆ ಬರೆಯುವಾಗ ಈಗಲೂ ನನಗೆ ಹೊಟ್ಟೆ ಹಿಂಡಿದಂತಾಗುತ್ತದೆ.

ಮುಂದಿನ ವರ್ಷ, 2019ರಲ್ಲಿ, ಎರ್ನಾಕುಲಂನಲ್ಲಿ ಒಬ್ಬ ಹುಡುಗನಿಗೆ ನಿಪಾ ಬಂತು. ಒಬ್ಬರಿಗೂ ಹರಡಲಿಲ್ಲ. ಅವನೂ ಬದುಕಿದ. ಒಂದೇ ವರ್ಷದಲ್ಲಿ ಆಸ್ಪತ್ರೆಗಳು ಕಲಿತಿದ್ದವು. ತಯಾರಿ ಅಂದರೆ ನನ್ನ ಕಣ್ಣಿಗೆ ಇದು.

ಇನ್ನೊಂದು ವಿಷಯ. ಪಿಪಿಇ ಕಿಟ್ ಕೊಟ್ಟೆವು, ಮುಗಿಯಿತು ಎನ್ನುತ್ತಾರೆ. ಕಿಟ್ ಹಾಕಿಕೊಳ್ಳುವುದು ಸುಲಭ. ಅಪಾಯ ಇರುವುದು ತೆಗೆಯುವಾಗ. ಸುಸ್ತಾಗಿರುತ್ತೀರಿ, ಬೆವತಿರುತ್ತೀರಿ, ಕನ್ನಡಕ ಮಂಜಾಗಿರುತ್ತದೆ. ಗ್ಲೌಸಿನ ಹೊರಮೈ ಮುಖಕ್ಕೆ ತಾಗಿದರೆ ಸಾಕು. ಎದುರಿಗೆ ಇನ್ನೊಬ್ಬರು ನಿಂತು ಒಂದೊಂದೇ ಹೆಜ್ಜೆ ಹೇಳಿ ತೆಗೆಸಬೇಕು. ಇದನ್ನು ರೋಗ ಇಲ್ಲದ ದಿನಗಳಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ಪಶ್ಚಿಮ ಆಫ್ರಿಕಾದ ಎಬೋಲಾದಲ್ಲಿ 500ಕ್ಕೂ ಹೆಚ್ಚು ಆರೋಗ್ಯ ಸಿಬ್ಬಂದಿ ಸತ್ತರು. ಮೊದಲೇ ವೈದ್ಯರು ತೀರಾ ಕಡಿಮೆ ಇದ್ದ ದೇಶಗಳವು. ಅವರು ಹೋದ ಮೇಲೆ ಹೆರಿಗೆ, ಮಲೇರಿಯಾ, ಲಸಿಕೆ ಎಲ್ಲ ಸೇವೆಗಳೂ ಕುಗ್ಗಿದವು. ಎಬೋಲಾ ತಗಲದವರೂ ಸತ್ತರು.

ಲ್ಯಾಬ್ ಮಾತು

ನರ್ಸ್ ಅಕ್ಕ ಹೇಳಿದ್ದರ ಮುಂದಿನ ಕೊಂಡಿ ನಮ್ಮದು. ಅನುಮಾನ ಬಂತು, ಡಾಕ್ಟರ್ ಒಪ್ಪಿದರು, ಸ್ಯಾಂಪಲ್ ತೆಗೆದರು. ಆಮೇಲೆ?

ಸ್ಯಾಂಪಲ್ಲನ್ನು ಮೂರು ಪದರದಲ್ಲಿ ಪ್ಯಾಕ್ ಮಾಡಬೇಕು. ತಣ್ಣಗಿಡಬೇಕು. ಜೊತೆಗೆ ಫಾರಂ ಸರಿಯಾಗಿ ತುಂಬಿರಬೇಕು. ರೋಗ ಶುರುವಾದ ತಾರೀಖನ್ನೇ ಬರೆಯದೆ ಕಳಿಸುತ್ತಾರೆ. ಆ ತಾರೀಖಿಲ್ಲದೆ ನೆಗೆಟಿವ್ ಬಂದ ಫಲಿತಾಂಶಕ್ಕೆ ಅರ್ಥವೇ ಹೇಳಲಾಗುವುದಿಲ್ಲ. ತುಂಬಾ ಬೇಗ ತೆಗೆದ ಸ್ಯಾಂಪಲ್ ಇರಬಹುದು, ತುಂಬಾ ತಡವಾಗಿ ತೆಗೆದದ್ದೂ ಇರಬಹುದು. ಶನಿವಾರ ಸಂಜೆ ಹೊರಟ ಡಬ್ಬಿ ಸೋಮವಾರದವರೆಗೆ ಎಲ್ಲೋ ಕೂತರೆ ಒಳಗಿನ ವೈರಸ್ಸಿನ ಆರ್‌ಎನ್‌ಎ ಹಾಳಾಗುತ್ತಾ ಹೋಗುತ್ತದೆ. ದೊಡ್ಡ ಯಂತ್ರ ಕೊಂಡ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಡಬ್ಬಿ ಸಾಗಿಸುವ ಡ್ರೈವರ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಸುಮ್ನೆ ಕೂತಿರುತ್ತದೆ.

ಜನರಿಗೆ ಗೊತ್ತಿರಬೇಕಾದ ಇನ್ನೊಂದು ಮಾತಿದೆ. ಪಿಸಿಆರ್ ನಾವು ಹುಡುಕಿದ್ದನ್ನು ಮಾತ್ರ ತೋರಿಸುತ್ತದೆ. ಡೆಂಗ್ಯೂ ಇಲ್ಲ, ಇನ್‌ಫ್ಲುಯೆಂಜಾ ಇಲ್ಲ ಎಂದು ಬಂದರೆ ಏನೂ ಇಲ್ಲ ಎಂದು ಅರ್ಥ ಅಲ್ಲ. ಗೊತ್ತಿರುವ ಎಲ್ಲದಕ್ಕೂ ನೆಗೆಟಿವ್ ಬಂದು ರೋಗಿ ಮಾತ್ರ ಕೆಡುತ್ತಾ ಹೋದರೆ, ಆಗ ಎಚ್ಚರಿಕೆ ಜಾಸ್ತಿಯಾಗಬೇಕು. ಅಂಥ ಸ್ಯಾಂಪಲ್ ಸೀಕ್ವೆನ್ಸಿಂಗ್‌ಗೆ, ಅಂದರೆ ಅದರಲ್ಲಿರುವ ಜೀನ್‌ಗಳನ್ನು ಓದಿ ನೋಡುವ ಪರೀಕ್ಷೆಗೆ, ಹೋಗಬೇಕು. ಎಷ್ಟೋ ಕಡೆ "ಎಲ್ಲ ನೆಗೆಟಿವ್" ಎಂದ ಕೂಡಲೇ ಫೈಲು ಮುಚ್ಚುತ್ತದೆ.

ದಕ್ಷಿಣ ಕೊರಿಯಾದಿಂದ ಕಲಿಯುವುದು ಇಲ್ಲೇ. 2015ರಲ್ಲಿ ಅವರು ಮರ್ಸ್ ಎಂಬ ಉಸಿರಾಟದ ಕಾಯಿಲೆಗೆ ಸಿಕ್ಕಿ ಒದ್ದಾಡಿದರು. ಗಲ್ಫ್ ಕಡೆಯಿಂದ ವಾಪಸ್ ಬಂದ ಒಬ್ಬ ಪ್ರಯಾಣಿಕ ಹಲವು ಆಸ್ಪತ್ರೆ ಸುತ್ತಿದ. ಒಟ್ಟು 186 ಜನರಿಗೆ ರೋಗ ಬಂತು, 38 ಜನ ಸತ್ತರು. ಆಸ್ಪತ್ರೆಗಳ ಹೆಸರನ್ನು ಸರ್ಕಾರ ಮೊದಲು ಮುಚ್ಚಿಟ್ಟಿತು. ಜನ ಸಿಟ್ಟಾದರು. ಆಮೇಲೆ ಕಾನೂನು ಬದಲಿಸಿದರು. ತುರ್ತು ಹೊತ್ತಿನಲ್ಲಿ ಹೊಸ ಟೆಸ್ಟ್ ಕಿಟ್‌ಗೆ ಬೇಗ ಒಪ್ಪಿಗೆ ಕೊಡಲು ದಾರಿ ಮಾಡಿದರು. 2020ರ ಜನವರಿ 27ರಂದು ಅಧಿಕಾರಿಗಳು ಕಿಟ್ ತಯಾರಿಸುವ ಕಂಪನಿಗಳನ್ನು ಸೋಲ್ ರೈಲು ನಿಲ್ದಾಣದಲ್ಲಿ ಸೇರಿಸಿ ಮಾತಾಡಿದರು. ಫೆಬ್ರವರಿ 4ಕ್ಕೆ ಮೊದಲ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ಅದೇ ಫೆಬ್ರವರಿಯಲ್ಲಿ ಅಮೆರಿಕ ತನ್ನ ಸಿಡಿಸಿ ಕಳಿಸಿದ ಕಿಟ್‌ನ ದೋಷದಿಂದ ವಾರಗಟ್ಟಲೆ ಕಳೆದುಕೊಂಡಿತು. ಬೇರೆ ಲ್ಯಾಬ್‌ಗಳಿಗೆ ತಮ್ಮದೇ ಟೆಸ್ಟ್ ಬಳಸಲು ಅನುಮತಿ ಸಿಕ್ಕಿದ್ದು ತಿಂಗಳ ಕೊನೆಗೆ. ತಜ್ಞರ ಕೊರತೆ ಅಮೆರಿಕಕ್ಕೆ ಇರಲಿಲ್ಲ. ಒಪ್ಪಿಗೆಯ ದಾರಿ ಬಿಗಿಯಾಗಿತ್ತು, ಅಷ್ಟೇ.

ಹಾದಿಹೋಕ

ಒಂದು ಪ್ರಶ್ನೆ. ಇಷ್ಟೆಲ್ಲ ಬೇಗ ಪತ್ತೆಮಾಡಿ ಜಗತ್ತಿಗೆ ಹೇಳಿದರೆ ದೇಶಕ್ಕೆ ಏನು ಲಾಭ? ವಿಮಾನ ನಿಲ್ಲುತ್ತದೆ, ಪ್ರವಾಸಿಗರು ಬರುವುದಿಲ್ಲ, ಸರಕು ಹೋಗುವುದಿಲ್ಲ. ಮುಚ್ಚಿಡುವುದೇ ಲಾಭ ಅನ್ನಿಸುವುದಿಲ್ವಾ?

ಕಾಯ್ದೆ ಪುಟ

ಹಾದಿಹೋಕರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ.

ನಿಯಮ ಇದೆ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳನ್ನು 2005ರಲ್ಲಿ ಒಪ್ಪಲಾಯಿತು, 2007ರಲ್ಲಿ ಜಾರಿಗೆ ಬಂದವು. 190ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಬೇರೆ ದೇಶಗಳಿಗೂ ಅಪಾಯ ಆಗಬಹುದಾದ ಘಟನೆ ಎಂದು ತೀರ್ಮಾನವಾದ 24 ಗಂಟೆಯೊಳಗೆ ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಬೇಕು. ಸುಮ್ಮಸುಮ್ಮನೆ ಪ್ರಯಾಣ ನಿರ್ಬಂಧ ಹಾಕಬಾರದು ಎಂದೂ ಅದರಲ್ಲೇ ಇದೆ. ಮೊದಲನೆಯದನ್ನು ಪಾಲಿಸಿದವರಿಗೆ ಎರಡನೆಯದರ ರಕ್ಷಣೆ ಸಿಗಲಿಲ್ಲ. ದಕ್ಷಿಣ ಆಫ್ರಿಕಾ 2021ರ ನವೆಂಬರ್ 24ರಂದು ಒಮಿಕ್ರಾನ್ ಬಗ್ಗೆ ತಿಳಿಸಿತು. ಅವರ ವಿಜ್ಞಾನಿಗಳು ಅದ್ಭುತವಾಗಿ ಕೆಲಸ ಮಾಡಿದ್ದರು. ಎರಡು ಮೂರು ದಿನದಲ್ಲೇ ಹಲವು ದೇಶಗಳು ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿದವು. ಅಷ್ಟು ಹೊತ್ತಿಗೆ ವೈರಸ್ ಬೇರೆ ಖಂಡಗಳಿಗೆ ತಲುಪಿಯಾಗಿತ್ತು. ಪ್ರಾಮಾಣಿಕತೆಗೆ ಸಿಕ್ಕ ಶಿಕ್ಷೆ ಇದು. ಇದನ್ನು ಎಲ್ಲ ದೇಶಗಳೂ ನೋಡಿದವು.

ಇನ್ನೊಂದು ಉದಾಹರಣೆ ಇಂಡೋನೇಷ್ಯಾದ್ದು. 2007ರಲ್ಲಿ ಅವರು ಹಕ್ಕಿಜ್ವರದ ಸ್ಯಾಂಪಲ್ ಕೊಡುವುದನ್ನು ನಿಲ್ಲಿಸಿದರು. ನಮ್ಮ ವೈರಸ್ ಬಳಸಿ ಶ್ರೀಮಂತ ದೇಶಗಳ ಕಂಪನಿಗಳು ಲಸಿಕೆ ಮಾಡುತ್ತವೆ, ಆ ಲಸಿಕೆ ನಮಗೇ ಕೈಗೆಟುಕುವುದಿಲ್ಲ ಎಂಬುದು ಅವರ ವಾದ. ಸ್ಯಾಂಪಲ್ ತಡೆದದ್ದು ಅಪಾಯದ ಹೆಜ್ಜೆ. ಆದರೆ ಅವರ ನೋವು ನಿಜವಾದದ್ದು. ಆ ಜಗಳದಿಂದಲೇ 2011ರಲ್ಲಿ ಇನ್‌ಫ್ಲುಯೆಂಜಾಕ್ಕೆ ವೈರಸ್ಸನ್ನೂ ಲಸಿಕೆಯನ್ನೂ ಹಂಚಿಕೊಳ್ಳುವ ಒಂದು ಒಪ್ಪಂದ ಬಂತು. 2025ರ ಮೇ 20ರಂದು ಒಪ್ಪಿದ ಮಹಾಮಾರಿ ಒಪ್ಪಂದದಲ್ಲೂ ಆಗ ಬಗೆಹರಿಯದೆ ಉಳಿದ ಭಾಗ ಇದೇ. ವೈರಸ್ ಮಾಹಿತಿ ಕೊಟ್ಟವರಿಗೆ ಲಸಿಕೆ, ಔಷಧದಲ್ಲಿ ಎಷ್ಟು ಪಾಲು ಎಂಬ ವಿಷಯವನ್ನು ಬೇರೆ ಮಾತುಕತೆಗೆ ಬಿಟ್ಟು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು.

ದೇಶದೊಳಗೂ ಇದೇ ತರ್ಕ ನಡೆಯುತ್ತದೆ. ಸಂಪರ್ಕಕ್ಕೆ ಬಂದವರನ್ನು 21 ದಿನ ಮನೆಯಲ್ಲಿ ಕೂರಿಸಿದರೆ ದಿನಗೂಲಿಯವರು ಏನು ಮಾಡಬೇಕು? ಕೂಲಿ ಹೋಗುತ್ತದೆ, ನೆರೆಹೊರೆಯವರು ಮಾತು ಬಿಡುತ್ತಾರೆ. ಆ ಮನೆಯವರು ಮುಂದಿನ ಸಲ ಜ್ವರ ಬಂದರೂ ಹೇಳುವುದಿಲ್ಲ. ಪೊಲೀಸರನ್ನು ಬಾಗಿಲಲ್ಲಿ ನಿಲ್ಲಿಸಿದರೆ ಇನ್ನೂ ಹೇಳುವುದಿಲ್ಲ. ಹಾಗಾಗಿ ಕ್ವಾರಂಟೈನ್ ಕಾನೂನಿನಲ್ಲಿ ಶಿಕ್ಷೆಯ ಕಲಂಗಿಂತ ಮೊದಲು ಪರಿಹಾರದ ಕಲಂ ಇರಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಊಟ, ಕಳೆದುಹೋದ ಕೂಲಿ, ಕೆಲಸದಿಂದ ತೆಗೆಯಬಾರದು ಎಂಬ ರಕ್ಷಣೆ, ಈ ಮೂರೂ ಬರಹದಲ್ಲಿ ಇರಬೇಕು.

ದನದ ಡಾಕ್ಟರ್

ಎಲ್ಲರೂ ಮನುಷ್ಯರ ಆಸ್ಪತ್ರೆಯಿಂದ ಶುರುಮಾಡುತ್ತಿದ್ದೀರಿ. ಹೊಸ ರೋಗಗಳಲ್ಲಿ ಹೆಚ್ಚಿನವು ಪ್ರಾಣಿಗಳಿಂದ ಬರುವಂಥವು. ಎಷ್ಟೋ ಸಲ ಮೊದಲ ರೋಗಿ ಪ್ರಾಣಿಯೇ.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಜನರಿಗೂ ಜ್ವರ ಬರುತ್ತಿತ್ತು. ಎರಡನ್ನೂ ಸೇರಿಸಿ ನೋಡಿದ್ದರಿಂದ ಹೊಸ ವೈರಸ್ ಸಿಕ್ಕಿತು. ಇದು ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ.

1999ರ ನ್ಯೂಯಾರ್ಕ್ ಕಥೆ ಅಷ್ಟು ಗೊತ್ತಿರಲಿಕ್ಕಿಲ್ಲ. ಊರಿನಲ್ಲಿ ಕಾಗೆಗಳು ಸಾಯುತ್ತಿದ್ದವು. ಬ್ರಾಂಕ್ಸ್ ಮೃಗಾಲಯದ ಹಕ್ಕಿಗಳೂ ಸತ್ತವು. ಅದೇ ಹೊತ್ತಿಗೆ ಕೆಲವು ಜನರಿಗೆ ಮೆದುಳಿನ ಉರಿಯೂತ ಬಂತು. ಅದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಎಂದು ತಜ್ಞರು ಹೇಳಿದರು. ಮೃಗಾಲಯದ ಪಶುವೈದ್ಯೆ ಟ್ರೇಸಿ ಮೆಕ್‌ನಮಾರಾ ಒಪ್ಪಲಿಲ್ಲ. ಆ ರೋಗ ಸಾಮಾನ್ಯವಾಗಿ ಹಕ್ಕಿಗಳನ್ನು ಕೊಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಕ್ಕಿಗಳ ಸ್ಯಾಂಪಲ್ ನೋಡಿ ಎಂದು ಬೆನ್ನು ಹತ್ತಿದರು. ಮನುಷ್ಯರ ರೋಗ ನೋಡುವವರು ಮೊದಲು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಸಿಕ್ಕಿದ್ದು ವೆಸ್ಟ್ ನೈಲ್ ವೈರಸ್. ಅಮೆರಿಕ ಖಂಡದಲ್ಲಿ ಅದುವರೆಗೆ ಕಾಣಿಸದ ರೋಗ ಅದು. ಪಶುವೈದ್ಯರ ಫೋನ್ ತೆಗೆದುಕೊಳ್ಳುವವರು ಆರೋಗ್ಯ ಇಲಾಖೆಯಲ್ಲಿ ಇಲ್ಲದಿದ್ದರೆ ಅಂಥ ದೇಶದ ತಯಾರಿ ಅರ್ಧ ಮಾತ್ರ.

ಕೋಳಿ ಸಾಕುವವರ ಮಾತೂ ಅಷ್ಟೇ ಮುಖ್ಯ. ಹಕ್ಕಿಜ್ವರ ಬಂತು ಎಂದು ಹೇಳಿದರೆ ಎಲ್ಲ ಕೋಳಿ ಕೊಲ್ಲುತ್ತಾರೆ. ಪರಿಹಾರ ತಡವಾದರೆ ಸಾಕುವವರು ಹೇಳುವುದೇ ಇಲ್ಲ, ರಾತ್ರೋರಾತ್ರಿ ಮಾರಿಬಿಡುತ್ತಾರೆ. ಕಾಯ್ದೆ ಪುಟದವರು ಕೂಲಿಯ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸರಿ.

ಲೆಕ್ಕಾಚಾರ

ದುಡ್ಡಿನ ಮಾತು ಯಾರೂ ಎತ್ತಿಲ್ಲ, ಹಾಗಾಗಿ ನಾನು ಎತ್ತುತ್ತೇನೆ. ದಾಸ್ತಾನು ಮಾಡಿಟ್ಟರೆ ಸಾಲದು. ಕೆನಡಾ 2019ರಲ್ಲಿ ಒಂದು ಗೋದಾಮನ್ನು ಮುಚ್ಚುವಾಗ ಅವಧಿ ಮೀರಿದ ಸುಮಾರು 20 ಲಕ್ಷ ಎನ್95 ಮಾಸ್ಕ್ ಎಸೆಯಬೇಕಾಯಿತು. ಮರುವರ್ಷವೇ ಕೋವಿಡ್. ದಾಸ್ತಾನಿನ ಮಾಲು ದಿನನಿತ್ಯದ ಆಸ್ಪತ್ರೆಗೆ ಹೋಗುತ್ತಿರಬೇಕು, ಅದರ ಜಾಗಕ್ಕೆ ಹೊಸದು ಬರುತ್ತಿರಬೇಕು.

ಜನರಿಗೂ ಇದೇ ಮಾತು. ಹೊಂಬೆಳಕು ಹೇಳಿದ ಪೋಲಿಯೋ ತಂಡ ಬದುಕಿದ್ದು ದಿನಾ ಕೆಲಸ ಇದ್ದದ್ದರಿಂದ. ಮಹಾಮಾರಿಗೆಂದೇ ಇಟ್ಟ ತಂಡವನ್ನು ಮೂರನೇ ವರ್ಷದ ಬಜೆಟ್‌ನಲ್ಲಿ ಕಡಿದು ಹಾಕುತ್ತಾರೆ. ದಿನಾ ದಡಾರ, ಕ್ಷಯ, ಡೆಂಗ್ಯೂ ನೋಡುವ ತಂಡವನ್ನು ಕಡಿಯುವುದು ಕಷ್ಟ. ಈ ವಿಷಯದಲ್ಲಿ ನಾನು ಈಗ ಹೊಂಬೆಳಕು ಅವರ ಕಡೆಗೇ ವಾಲುತ್ತಿದ್ದೇನೆ. ಆದರೂ ಹಾಸಿಗೆಯನ್ನು ಬಿಟ್ಟುಕೊಡುವುದಿಲ್ಲ. ರುವಾಂಡಾ ನೋಡಿ. 2024ರ ಸೆಪ್ಟೆಂಬರ್ 27ರಂದು ಅಲ್ಲಿ ಎಬೋಲಾದಂಥದ್ದೇ ಆದ ಮಾರ್ಬರ್ಗ್ ರೋಗ ಬಂದಿದೆ ಎಂದು ಘೋಷಿಸಿದರು. 66 ಜನರಿಗೆ ಬಂತು, ಹೆಚ್ಚಿನವರು ಆರೋಗ್ಯ ಸಿಬ್ಬಂದಿ. ಸತ್ತವರು 15. ಹಿಂದಿನ ಕೆಲವು ಸಲ ಇದೇ ರೋಗ ನೂರಕ್ಕೆ 80ಕ್ಕಿಂತ ಹೆಚ್ಚು ಜನರನ್ನು ಕೊಂದಿದೆ. ಇಲ್ಲಿ ಜನ ಉಳಿದದ್ದರಲ್ಲಿ ಒಳ್ಳೆಯ ಐಸಿಯು ಆರೈಕೆಯ ಪಾಲು ದೊಡ್ಡದು. ಘೋಷಿಸಿ ಹತ್ತು ದಿನದೊಳಗೆ ಪ್ರಯೋಗದ ಲಸಿಕೆಯನ್ನೂ ಕೊಡಲು ಶುರುಮಾಡಿದ್ದರು.

ವಾರ್ಡ್‌ನಿಂದ

ಹೌದು ಸರ್. ರುವಾಂಡಾದಲ್ಲಿ ಕೃತಕ ಉಸಿರಾಟದ ನಳಿಕೆ ಹಾಕಿದ್ದ ಮಾರ್ಬರ್ಗ್ ರೋಗಿಗಳಿಬ್ಬರು ನಳಿಕೆ ತೆಗೆದ ಮೇಲೂ ಬದುಕಿ ಉಳಿದರು. ಆಫ್ರಿಕಾದಲ್ಲಿ ಅದು ಮೊದಲ ಸಲ. ಆದರೆ ಗಮನಿಸಿ, ಆ ನಳಿಕೆಯ ಹತ್ತಿರ ಹಗಲು ರಾತ್ರಿ ನಿಂತವರು ಯಾರು? ವೆಂಟಿಲೇಟರ್ ಕೊಳ್ಳುವಾಗ ಅದನ್ನು ನಡೆಸುವ ನರ್ಸ್‌ಗಳ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಹಾದಿಹೋಕ

ಕೊನೆಯದಾಗಿ ಕೇಳುತ್ತೇನೆ. ದುಡ್ಡು ಕಡಿಮೆ ಇರುವ ದೇಶ. ಎಲ್ಲವನ್ನೂ ಒಟ್ಟಿಗೆ ಮಾಡಲಾಗುವುದಿಲ್ಲ. ಮೊದಲು ಯಾವುದು?

ಹೊಂಬೆಳಕು

ಮೊದಲು ಒಂದು ಫೋನ್ ನಂಬರ್. ಹಗಲು ರಾತ್ರಿ ಎತ್ತುವಂಥದ್ದು. ನರ್ಸ್, ಔಷಧ ಅಂಗಡಿಯವರು, ಪಶುವೈದ್ಯರು, ಶಾಲೆಯ ಮೇಷ್ಟ್ರು, ಯಾರು ಬೇಕಾದರೂ ಮಾಡಬಹುದಾದದ್ದು. ಆಚೆ ಕಡೆ ಇರುವವರು ತರಬೇತಿ ಪಡೆದವರಾಗಿರಬೇಕು. ಸ್ಯಾಂಪಲ್ ತರಿಸಲು ಮೇಲಿನವರನ್ನು ಕೇಳದೆ ಗಾಡಿ ಕಳಿಸುವ ಅಧಿಕಾರ ಅವರಿಗೆ ಇರಬೇಕು. ಫೋನ್ ಮಾಡಿದವರಿಗೆ ಏನಾಯಿತು ಎಂದು ತಿರುಗಿ ಹೇಳಬೇಕು. ಇದು ಬಹಳ ಮುಖ್ಯ. ಉತ್ತರ ಬರದಿದ್ದರೆ ಎರಡನೇ ಸಲ ಯಾರೂ ಫೋನ್ ಮಾಡುವುದಿಲ್ಲ.

ಹತ್ತರಲ್ಲಿ ಒಂಬತ್ತು ಫೋನ್ ಏನೂ ಇಲ್ಲದ್ದೇ ಇರುತ್ತವೆ. ಆ ಒಂಬತ್ತಕ್ಕೂ ಗಾಡಿ ಹೋಗಬೇಕು. ಅದಕ್ಕೆ ಆದ ಖರ್ಚನ್ನು ಲೆಕ್ಕಪರಿಶೋಧಕರು ವ್ಯರ್ಥ ಎಂದು ಬರೆಯದ ಹಾಗೆ ಮೊದಲೇ ಬಜೆಟ್‌ನಲ್ಲಿ ಬೇರೆ ತಲೆಬರಹ ಇಡಬೇಕು.

ಎರಡನೆಯದು, ಪ್ರತಿ ಆಸ್ಪತ್ರೆಯಲ್ಲಿ ಜ್ವರ, ಕೆಮ್ಮು ಇರುವವರನ್ನು ಬೇರೆಯಾಗಿ ಕೂರಿಸುವ ಗಾಳಿಯಾಡುವ ಒಂದು ಜಾಗ. ಕಟ್ಟಡ ಬೇಕಿಲ್ಲ, ವರಾಂಡ ಸಾಕು. ನರ್ಸ್ ಅಕ್ಕ, ಆ ಜಾಗವನ್ನು ನಡೆಸುವುದಕ್ಕೆ ಪಾಳಿಗೆ ಕನಿಷ್ಠ ಎಷ್ಟು ಜನ ಬೇಕಾಗುತ್ತದೆ, ನಿಮ್ಮ ಲೆಕ್ಕದಲ್ಲಿ?

ವಾರ್ಡ್‌ನಿಂದ

ರೋಗಿಗಳ ಸಂಖ್ಯೆ ನೋಡಿ ಹೇಳಬೇಕು. ಆದರೆ ಇಬ್ಬರಿಗಿಂತ ಕಡಿಮೆ ಬೇಡವೇ ಬೇಡ. ಒಬ್ಬರು ಒಳಗೆ, ಒಬ್ಬರು ಹೊರಗೆ. ಒಳಗಿದ್ದವರು ಕಿಟ್ ತೆಗೆಯುವಾಗ ಹೊರಗಿನವರು ನೋಡುತ್ತಿರಬೇಕು. ಒಬ್ಬರೇ ಇರುವ ಪಾಳಿಯಲ್ಲಿ ಆ ಜಾಗ ತೆರೆಯಬೇಡಿ.